ಅಲುಗದ ಮೊನೆ

ಸ್ಟ್ಯಾಂಡಿಗೆ ಬಿಗಿದ ಒಂದು ಡ್ರಿಲ್. ಅದರ ಬಾಯಲ್ಲಿ, ಕೊರೆಯುವ ಬಿಟ್ ಇರಬೇಕಾದ ಜಾಗದಲ್ಲಿ, ಚರ್ಮ ಹೊಲಿಯುವ ದಬ್ಬಣ. ಕಂಕನಾಡಿಯ ಗಲ್ಲಿಗೆ ಈಗಷ್ಟೇ ಇಳಿದ ಬೆಳಕು ಕಿಟಕಿಯಿಂದ ಓರೆಯಾಗಿ ಬಿದ್ದು, ದಬ್ಬಣದ ನೆರಳನ್ನು ಬಿಳಿಯ ಕಾಗದದ ಮೇಲೆ ಒಂದು ಗೆರೆಯಾಗಿ ಬರೆದಿದೆ. ಗೆರೆ ಅಲುಗುವುದಿಲ್ಲ. ಯಂತ್ರ ತಿರುಗುತ್ತಿದೆಯೆಂಬುದು ಕಿವಿಗೆ ಮಾತ್ರ ಗೊತ್ತು.

ಚೆನ್ನಪ್ಪನವರು ತಲೆಯಾಡಿಸಿ ಸ್ವಿಚ್ ಆರಿಸುತ್ತಾರೆ. ಅರವತ್ತೊಂದರ ಈ ಮನುಷ್ಯ ಪೋಲಿಯೊ ತಟ್ಟಿದ ಕಾಲುಗಳಿಗೆ ಆಸರೆಯಾಗಿ ಕಟ್ಟುವ ಉಕ್ಕಿನ ಕ್ಯಾಲಿಪರ್ ಮಾಡಲು ತೊಡಗಿ ಮೂವತ್ತೆಂಟು ವರ್ಷ. ಒಂದಕ್ಕೆ ಮೂರು ದಿನದ ದುಡಿಮೆ, ಮೂವತ್ತು ತೂತು. ಅವುಗಳಲ್ಲಿ ಮಂಡಿಯ ಎರಡು ಬದಿಯ ಕೀಲುಗಳ ತೂತು ಒಂದಕ್ಕೊಂದು ನೇರ ಇರಲೇಬೇಕು. ಕೂದಲೆಳೆಯಷ್ಟು ಓರೆಯಾದರೂ ಕೀಲು ಬಿಗಿಯುತ್ತದೆ. ಎದ್ದು ನಿಂತಾಗ ಜಾರಿ ಕೀಲನ್ನು ಬಂಧಿಸಬೇಕಾದ ಉಂಗುರ ಅರ್ಧದಲ್ಲೇ ನಿಲ್ಲುತ್ತದೆ. ಆಗ ಮನುಷ್ಯ ಬೀಳುತ್ತಾನೆ.

ಅವರ ಬಳಿ ಕ್ಯಾಲಿಪರ್ ಮಾಡಿಸಿಕೊಂಡ ದೇಯಿ ಎಂಬ ಹೆಂಗಸು ಬಿದ್ದದ್ದು ಹಾಗೆಯೇ, ಬಸ್ಸಿನ ಮೆಟ್ಟಿಲಲ್ಲಿ. ಕಾಟಿಪಳ್ಳದಿಂದ ಬಿಜೈಯ ಹೊಲಿಗೆ ಅಂಗಡಿಯ ಕೆಲಸಕ್ಕೆ ಒಬ್ಬರೇ ಹೋಗಿಬರುತ್ತಿದ್ದ ಅವರು ಅಂದಿನಿಂದ ಬಸ್ಸು ಹತ್ತಲಿಲ್ಲ. ಹಳೆಯ ಡ್ರಿಲ್ ಸುಟ್ಟುಹೋದ ಮೇಲೆ ಕಾಲು ಪಾಲು ಬೆಲೆಗೆ ತಂದ ಯಂತ್ರದಲ್ಲಿ ಮಾಡಿದ ಕ್ಯಾಲಿಪರ್ ಅಂದು ಅವರ ಕಾಲಲ್ಲಿದ್ದದ್ದು. ಚೆನ್ನಪ್ಪನವರು ಯಂತ್ರವನ್ನು ಶಂಕಿಸಲಿಲ್ಲ, ತಮ್ಮ ವಯಸ್ಸನ್ನು ಶಂಕಿಸಿದರು. ಒಂದು ದಿನ ದೇಯಿಯ ಎದುರು ಚರ್ಮದ ಪಟ್ಟಿ ಹೊಲಿಯಲು ಕುಳಿತವರು ಹೇಳಿಯೇ ಬಿಟ್ಟರು: "ನನ್ನ ಕೈ ಹೋಯ್ತು ದೇಯಕ್ಕ. ಅಂಗಡಿ ಮುಚ್ಚುತ್ತೇನೆ."

"ಎಂತ ಹೋದದ್ದು? ದಬ್ಬಣಕ್ಕೆ ಈಗ ಒಂದೇ ಸಲಕ್ಕೆ ನೂಲು ಹಾಕಿದ್ರಲ್ಲ! ನನಗೇ ಮೂರು ಸಲ ಬೇಕು."

ಕೈಯಲ್ಲಿದ್ದ ದಬ್ಬಣವನ್ನು ಚೆನ್ನಪ್ಪನವರು ಹಾಗೆಯೇ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರು. ಅದರ ಮೊನೆ ಗಾಳಿಯಲ್ಲಿ ಉದ್ದಿನ ಕಾಳಿನಷ್ಟು ದೊಡ್ಡ ಸೊನ್ನೆ ಬರೆಯಿತು. ಓಲಾಡುತ್ತಿದ್ದದ್ದು ಯಂತ್ರ. "ಎರಡು ವರ್ಷ ನನ್ನ ಕೈಗೆ ಬೈದದ್ದು ಸುಮ್ಮನೆ," ಎನ್ನುತ್ತಾರೆ ಈಗ, ನಗುತ್ತ.

ಅದೇ ದಬ್ಬಣ ಜೇಬಿಗಿಳಿಸಿ ಬಂದರಿನ ಯಂತ್ರದ ಅಂಗಡಿಗೆ ಹೋದಾಗ ಮಾಲಕ ಫ್ಲೋಯ್ಡ್ ಕೇಳಿದರಂತೆ, "ಎಂತ ಮಾರಾಯ್ರೆ, ಡ್ರಿಲ್ ತಗೊಳ್ಳಲಿಕ್ಕಾ, ಗೋಣಿ ಹೊಲಿಯಲಿಕ್ಕಾ?" ದಬ್ಬಣ ಸಿಕ್ಕಿಸಿ ಐದು ಯಂತ್ರ ತಿರುಗಿಸಿದರು. ಎಲ್ಲಕ್ಕಿಂತ ದುಬಾರಿಯದು ಸೋತಿತು. ವರ್ಕ್‌ಶಾಪಿನವರಿಗೆಂದೇ ಮಾಡಿದ ನಾಲ್ಕನೆಯದು ಗೆದ್ದಿತು. "ಕಂಪೆನಿ ಹೆಸರು ನೋಡ್ಲಿಲ್ಲ, ಮೊನೆ ನೋಡಿದೆ," ಎನ್ನುತ್ತಾರೆ ಚೆನ್ನಪ್ಪನವರು. " ಅಗ್ಗದ್ದನ್ನೂ ಬಿಸಾಡ್ಲಿಲ್ಲ. ಚರ್ಮ ಉಜ್ಜಲಿಕ್ಕೆ ಅದು ಧಾರಾಳ. ತೂತಿನ ಹತ್ತಿರ ಮಾತ್ರ ಬಿಡುವುದಿಲ್ಲ."

ಎಂಟು ಗಂಟೆಗೆ ರಿಕ್ಷಾದಲ್ಲಿ ದೇಯಿ ಬರುತ್ತಾರೆ. ಹೊಸ ಕ್ಯಾಲಿಪರಿನ ಪಟ್ಟಿ ಬಿಗಿದು, ಮೇಜು ಹಿಡಿದು ಎದ್ದು ನಿಲ್ಲುತ್ತಾರೆ. ಟಕ್. ಎರಡೂ ಬದಿಯ ಉಂಗುರ ಒಟ್ಟಿಗೇ ಕೂತ ಒಂದೇ ಸದ್ದು. ಮೇಜು ಬಿಡುತ್ತಾರೆ. ಗೋಡೆಯವರೆಗೆ ಹೋಗಿ, ತಿರುಗಿ, ಬರುತ್ತಾರೆ.

"ಇನ್ನೂ ಹತ್ತು ವರ್ಷ ಕೊರೆಯಬಹುದು," ಚೆನ್ನಪ್ಪನವರು ತಮ್ಮಷ್ಟಕ್ಕೆ ಎನ್ನುತ್ತಾರೆ. "ರಿಕ್ಷಾ ಕರೆಯಲಾ?"

"ರಿಕ್ಷಾ ಎಂತಕ್ಕೆ? ಬಿಜೈಗೆ ಬಸ್ಸುಂಟು."

ಚೆನ್ನಪ್ಪನವರು ತೋಳು ಹಿಡಿಯಲು ಮುಂದಾಗುತ್ತಾರೆ. "ಬಿಡಿ ಚೆನ್ನಪ್ಪಣ್ಣ," ಎನ್ನುತ್ತಾ ದೇಯಿ ಹೊಸ್ತಿಲು ದಾಟಿ, ತಾವೇ ಬಾಗಿಲೆಳೆದು ಮುಚ್ಚಿಕೊಂಡು ಹೊರಡುತ್ತಾರೆ.