ಕಂಬಳಿ ಬಿಟ್ಟು ಮೆತ್ತೆ ಮೇಲೆ ಕೂತವರು

ನಮ್ಮ ಮನೆಯವರು ಮದುವೆ, ತಿಥಿ, ನಾಮಕರಣ ಯಾವುದಕ್ಕೆ ಸೇರಿದರೂ ಊಟವಾದ ಮೇಲೆ ಯಾರಾದರೊಬ್ಬರು ಮೆತ್ತೆಯ ಕಥೆ ತೆಗೆಯುತ್ತಾರೆ. ಅಜ್ಜಿ ಪಂಚಾಯ್ತಿ ಯಜಮಾನರನ್ನು ಹೇಗೆ ಬೇಸ್ತು ಬೀಳಿಸಿದಳು ಎಂದು ಹೇಳಿ ಹೇಳಿ ನಗುತ್ತಾರೆ. ಹಾಗೆ ನಗುವವರಲ್ಲಿ ಒಬ್ಬರೂ ಅಂದು ನಮ್ಮ ಜಗಲಿಯಲ್ಲಿ ಇರಲಿಲ್ಲ. ನಾನಿದ್ದೆ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಕೈಯಲ್ಲಿದ್ದ ಎಲೆ ಅಡಿಕೆಯನ್ನು ತಟ್ಟೆಗೆ ಹಾಕಿ ಎದ್ದು ಹೋಗುತ್ತೇನೆ. "ಇವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ" ಎಂದು ಹಿಂದಿನಿಂದ ಕೇಳಿಸುತ್ತದೆ. ಇಳಿದಿಲ್ಲ, ನಿಜ. ಇಳಿಯಲು ಕಾರಣವೂ ನನಗೆ ಇದುವರೆಗೆ ಕಂಡಿಲ್ಲ.

ನಮ್ಮದು ಶಿರಾ ತಾಲ್ಲೂಕಿನ ತಾವರೆಕೆರೆ ಕಡೆಯ ಹಳ್ಳಿ, ಕುರಿ ಸಾಕುವ ಮನೆ. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದದ್ದು ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ ಮತ್ತು ನಾನು. ಎಂಬತ್ತರ ದಶಕ ಶುರುವಾದ ಹೊತ್ತಿಗೆ ಅಕ್ಕನನ್ನು ಪಾವಗಡದ ಆಚೆ ಒಂದು ಊರಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಟ್ರಂಕು ಹೊತ್ತು ಬಸ್ಸಿಳಿದು ಬಂದಳು. ಬೆನ್ನ ತುಂಬಾ ಬಾಸುಂಡೆ. ಅವಳಿಗೆ ನೀರು ಹುಯ್ಯಲು ಬಚ್ಚಲಿಗೆ ಹೋದ ಅಜ್ಜಿ ಚೊಂಬನ್ನು ಹಂಡೆಯೊಳಗೇ ಬಿಟ್ಟು ಕೂತುಬಿಟ್ಟಳು. ಅಪ್ಪ ಮಾತ್ರ ಏನಾಯಿತು ಎಂದು ಕೇಳಲಿಲ್ಲ. "ಬಂದವ್ಳಲ್ಲ, ಹಬ್ಬ ಮುಗುಸ್ಕಂಡು ಹೋಗ್ಲಿ ಬುಡು" ಎಂದ. ಹತ್ತಿರದಲ್ಲಿ ಯಾವ ಹಬ್ಬವೂ ಇರಲಿಲ್ಲ.

ಕೂತು ಉಣ್ಣುವುದು ಅಕ್ಕನ ಜಾಯಮಾನವಲ್ಲ. ಶಿರಾ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಟೈಲರ್ ಸಾಬರ ಅಂಗಡಿ ಇತ್ತು. ಮೆಷಿನ್ನಿನ ಕೆಳಗೆ ಬೀಳುವ ತುಂಡು ಬಟ್ಟೆಯನ್ನೆಲ್ಲ ಅವರು ಗುಡಿಸಿ ಹಿತ್ತಲಲ್ಲಿ ಸುಡುತ್ತಿದ್ದರು. ಸಂತೆಗೆ ಹೋದಾಗ ಅಕ್ಕ ಅದನ್ನು ಕೇಳಿದಳು. "ತಗಂಡ್ ಹೋಗು ಬೇಟಿ, ಸುಡೋ ಕೆಲ್ಸ ಉಳೀತು" ಎಂದು ಗೋಣಿಚೀಲಕ್ಕೆ ತುರುಕಿ ಕೊಟ್ಟರು. ಪ್ಯಾಂಟಿನ ಪಟ್ಟಿ, ರವಿಕೆ ತೋಳಿನ ಚೂರು, ಸ್ಕೂಲ್ ಯೂನಿಫಾರಂನ ನೀಲಿ, ಲಂಗದ ಅಂಚು, ಎಲ್ಲ ಒಂದಕ್ಕೊಂದು ಸುತ್ತಿಕೊಂಡಿದ್ದವು. ಬಿಡಿಸುವ ಕೆಲಸ ನನ್ನದು. ಅಂಗೈಗಿಂತ ದೊಡ್ಡವು ಕೂರುವ ಮೆತ್ತೆಯ ಮೇಲಿನ ಹೊದಿಕೆಗೆ, ಚಿಕ್ಕವು ಒಳಗೆ ತುಂಬುವುದಕ್ಕೆ.

ನಮಗೆ ಮೆಷಿನ್ ಎಲ್ಲಿಂದ ಬರಬೇಕು, ಎಲ್ಲ ಕೈಹೊಲಿಗೆ. ಪಾಲಿಸ್ಟರ್ ಜಾರುತ್ತದೆ, ಕಾಟನ್ ಎಳೆ ಬಿಡುತ್ತದೆ. ಎರಡನ್ನೂ ಒಂದೇ ಹೊಲಿಗೆಗೆ ಹಿಡಿಸಬೇಕಾದರೆ ಅಂಚನ್ನು ಮಡಚಿ ಮತ್ತೆ ಮಡಚಬೇಕು. ಅಕ್ಕ ಚೌಕದ ಚೀಲ ಹೊಲಿದು, ಚೂರುಗಳನ್ನು ಮೂಲೆಮೂಲೆಗೂ ಬೆರಳಿನಿಂದ ಒತ್ತಿ ತುಂಬಿ, ಬಾಯಿ ಮುಚ್ಚುತ್ತಿದ್ದಳು. ಆಮೇಲೆ ಗೋಣಿ ಹೊಲಿಯುವ ದಬ್ಬಳಕ್ಕೆ ಹುರಿ ಪೋಣಿಸಿ, ನಟ್ಟನಡುವೆ ಆಚೆಯಿಂದ ಈಚೆಗೆ ಹಾಯಿಸಿ, ಬಿಗಿಯಾಗಿ ಎಳೆದು ಗಂಟು ಹಾಕುತ್ತಿದ್ದಳು. ಆ ಗಂಟು ಇಲ್ಲದಿದ್ದರೆ ಒಳಗಿನ ಬಟ್ಟೆಯೆಲ್ಲ ಒಂದು ಮೂಲೆಗೆ ಸರಿದು ಮೆತ್ತೆ ಹೋಗಿ ಮೂಟೆಯಾಗುತ್ತದೆ. ಊರಿನ ಮೇಷ್ಟ್ರ ಹೆಂಡತಿ ನೋಡಿ ತಮಗೂ ಬೇಕೆಂದರು. ಗಂಡನ ಮನೆಯಿಂದ ಬಂದ ಮೇಲೆ ಅಕ್ಕ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಚೂರು ಬಟ್ಟೆ ಮಾತ್ರ ತುಂಬಿದರೆ ಮೆತ್ತೆ ಕಲ್ಲಿನಂತಾಗುತ್ತದೆ. ಉಣ್ಣೆ ಬೆರೆಸಿದರೆ ಕೂರಲು ಹಿತ. ಕುರಿಯ ತುಪ್ಪಟ ಕತ್ತರಿಸಿದಾಗ ಹೊಟ್ಟೆಯ ಕಡೆಯ ಗಿಡ್ಡ ಉಣ್ಣೆ, ನೆಗ್ಗಿಲು ಮುಳ್ಳು ಅಂಟಿದ್ದು, ನೂಲಲು ಬರುವುದಿಲ್ಲ, ತಿಪ್ಪೆಗೆ ಹೋಗುತ್ತದೆ. ಅಕ್ಕ ಅದನ್ನು ಕೇಳಿದಳು. "ಗಂಡನ್ನ ಬುಟ್ಟು ಬಂದೋಳು ಉಣ್ಣೆ ಮುಟ್ಟಿದ್ರೆ ಕುರಿಗೆ ಆಗಿಬರಕಿಲ್ಲ" ಎಂದ ಅಪ್ಪ. ಅವಳ ಕಣ್ಣ ಮುಂದೆಯೇ ಆ ಉಣ್ಣೆಯನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದ. ತಿಪ್ಪೆಗೆ ಆಗಿಬರುವುದು ಹೆತ್ತ ಮಗಳಿಗೆ ಆಗಿಬರಲಿಲ್ಲ. ನನ್ನ ಸಿಟ್ಟು ಶುರುವಾದದ್ದು ಆ ದಿನ.

ಮಾರನೆಯ ದಿನ ಅಕ್ಕ ಟ್ರಂಕು ತೆಗೆದಳು. ಅದರಲ್ಲಿ ಗಂಡನ ಮನೆಯಿಂದ ತಂದ ಸೀರೆ ರವಿಕೆಗಳಿದ್ದವು. ಅರಿಶಿನ ಬಣ್ಣದ ಧಾರೆ ಸೀರೆ ಮೇಲೆಯೇ ಇತ್ತು. ಅದರ ಒಂದು ತುದಿಯನ್ನು ನನಗೆ ಹಿಡಿಯಲು ಕೊಟ್ಟು ಕತ್ತರಿ ಹಾಕಿದಳು. ಉದ್ದುದ್ದ ಪಟ್ಟಿ ಮಾಡಿ ಮೆತ್ತೆಯೊಳಗೆ ತುಂಬಿದಳು. ಬೆನ್ನ ಕಡೆ ಹರಿದಿದ್ದ ರವಿಕೆಗಳಿಗೆ ಮಾತ್ರ ಕತ್ತರಿ ಮುಟ್ಟಿಸಲಿಲ್ಲ, ಹಾಗೇ ಮುದುಡಿ ಒಳಗಿಟ್ಟಳು. ಬಾಗಿಲಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು.

"ಧಾರೆ ಸೀರೆ ಕಣೇ ಅದು" ಎಂದಳು ಕೊನೆಗೆ.

"ಬಟ್ಟೆ ಕಣಜ್ಜಿ" ಎಂದಳು ಅಕ್ಕ.

ಅಜ್ಜಿ ಕುಟ್ಟುವುದನ್ನು ಮುಂದುವರಿಸಿದಳು.

ರಾಗಿ ಒಕ್ಕಣೆ ಮುಗಿದ ಮೇಲೆ ಭಾವನ ಕಡೆಯವರು ಪಂಚಾಯ್ತಿ ಸೇರಿಸಿದರು. ಭಾವ ಬಂದ, ಅವನ ದೊಡ್ಡಪ್ಪ ಬಂದ, ನ್ಯಾಯ ಹೇಳಲು ನಮ್ಮ ಜನದ ಮೂವರು ಯಜಮಾನರು ಬಂದರು. ನಮ್ಮಲ್ಲಿ ನ್ಯಾಯಕ್ಕೆ ಕೂರುವವರು ಕರಿ ಕಂಬಳಿ ಹಾಸಿಕೊಂಡು ಅದರ ಮೇಲೆಯೇ ಕೂರಬೇಕು. ಕಂಬಳಿ ಮೇಲೆ ಆಡಿದ ಮಾತು ದೇವರ ಮುಂದೆ ಆಡಿದ ಹಾಗೆ. ಅದನ್ನು ಮೀರಿದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಬೆಂಕಿ ನೀರೂ ಕೊಡುವುದಿಲ್ಲ. ಆದ್ದರಿಂದ ಕಂಬಳಿ ಮೇಲೆ ಕೂತು ಅವರು "ಹೋಗು" ಎಂದರೆ ಅಕ್ಕ ಹೋಗಲೇಬೇಕಿತ್ತು. ಹೋದರೆ ಮತ್ತೆ ಜೀವಂತ ಬರುವುದಿಲ್ಲ ಎಂದು ಅಜ್ಜಿಗೂ ನನಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿದ್ದಿರಬೇಕು. ಅದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಅಜ್ಜಿ ಬೆಳಿಗ್ಗೆಯೇ ಕಂಬಳಿ ಕೊಡವಿ ಜಗಲಿಗೆ ಹಾಸಿದ್ದಳು. ಅಪ್ಪನಿಗೆ ಬೀಗರ ಮುಂದೆ ಮೆರೆಯುವ ಹುಚ್ಚು. "ಪಾವಗಡದೋರ ಮುಂದೆ ಈ ಹಳೇ ಕಂಬಳಿ ಯಾಕವ್ವ, ಚುಚ್ತದೆ" ಎಂದು ತಾನೇ ಸುತ್ತಿ ಮೂಲೆಗಿಟ್ಟ. ಒಳಗಿದ್ದ ಮೆತ್ತೆಗಳನ್ನು ಹೊತ್ತು ತಂದು ಸಾಲಾಗಿ ಹಾಕಿದ. ಬಂದವರು ಕೂತು, ಒತ್ತಿ ನೋಡಿ, ಚೆನ್ನಾಗಿವೆ ಎಂದರು. ಮಗಳು ಹೊಲಿದದ್ದು ಎಂದು ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. "ನಾನೇ ಮಾಡುಸ್ದೆ ಕಣ್ರಪ್ಪ. ಒಳಗೆಲ್ಲ ನಮ್ಮ ಕುರಿ ಉಣ್ಣೆನೇ" ಎಂದ.

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು, ಅವಳ ಸೆರಗು ಹಿಡಿದು ನಾನು ನಿಂತಿದ್ದೆ. ಮಳೆ ಬೆಳೆ ಮಾತಾಡಿದರು, ಕುರಿಗೆ ಬಂದ ಕಾಯಿಲೆಯ ಮಾತಾಡಿದರು. ಅಕ್ಕನನ್ನು ಕರೆದು ಏನಮ್ಮ ನಿನ್ನ ಕಷ್ಟ ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಅಜ್ಜಿಯೇ ಬಾಯಿ ಬಿಟ್ಟಳು. "ಆ ಮಗೀನ ಬೆನ್ನ ಒಂದ್ಸಾರಿ ನೋಡ್ರಪ್ಪ."

"ಹೆಣ್ಮಗಳ ಮೈ ನೋಡೋದು ನಮ್ಮ ಕೆಲ್ಸ ಅಲ್ಲ ಕಣಮ್ಮ" ಎಂದರು ಹಿರಿಯ ಯಜಮಾನರು. ಮೈ ನೋಡುವುದು ತಪ್ಪಂತೆ, ಅದೇ ಮೈಯನ್ನು ಹೊಡೆಯುವವನ ಕೈಗೆ ಕೊಡುವುದು ತಪ್ಪಲ್ಲವಂತೆ.

ಭಾವನ ದೊಡ್ಡಪ್ಪ, "ಆಡಪಿಲ್ಲ, ಹೆಣ್ಣು ಅಂದ್ಮೇಲೆ ಒಂದೇಟು ಬೀಳ್ತದೆ, ಒಂದು ಮಾತು ಬರ್ತದೆ. ಸರ್ದುಕಂಡು ಹೋಗ್ಬೇಕು" ಎಂದ. ಹಿರಿಯ ಯಜಮಾನರು ತಲೆಯಾಡಿಸಿ, "ನಾಳಿಕ್ಕೆ ಕಳ್ಸಿಕೊಡಪ್ಪ. ಇದು ನಮ್ಮ ಮಾತು" ಎಂದು ಮುಗಿಸಿದರು. ಅಪ್ಪ ಆಗಲಿ ಎಂದ. ಭಾವ ಮೀಸೆಯಲ್ಲೇ ನಗುತ್ತಿದ್ದ.

ಆಗ ಅಜ್ಜಿ ಕೇಳಿದಳು. "ಮಾತು ಯಾವುದ್ರ ಮ್ಯಾಲೆ ಕುಂತು ಆಡುದ್ರಿ?"

ಎಲ್ಲರೂ ತಾವು ಕೂತ ಜಾಗ ನೋಡಿಕೊಂಡರು. "ಕಂಬ್ಳಿ ಅಲ್ಲೈತೆ" ಎಂದು ಅಜ್ಜಿ ಮೂಲೆ ತೋರಿಸಿದಳು. "ನಾನು ಹಾಸಿದ್ದೆ, ನನ್ನ ಮಗ ಸುತ್ತಿಟ್ಟ. ಕಂಬ್ಳಿ ಬುಟ್ಟು ಚಿಂದಿ ಮ್ಯಾಲೆ ಕುಂತು ಆಡಿದ್ದು ನ್ಯಾಯ ಅಲ್ಲ, ಹರಟೆ."

ಎರಡನೆಯ ಯಜಮಾನರು ಒಂದು ದಾರಿ ಹುಡುಕಿದರು. "ಒಳಗೆ ಉಣ್ಣೆ ಐತಲ್ಲಮ್ಮ, ನಿನ್ನ ಮಗನೇ ಅಂದ. ಕಂಬ್ಳಿ ಆದ್ರೇನು ಉಣ್ಣೆ ಆದ್ರೇನು, ಎರಡೂ ಕುರಿದೇ." ಅಪ್ಪ ನೆಲ ನೋಡುತ್ತಿದ್ದ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಮಾನ ಹೋಗುತ್ತದೆ.

ಅಕ್ಕ ಹೊರಗೆ ಬಂದಳು. ಕೈಯಲ್ಲಿ ಕತ್ತರಿ ಇತ್ತು. "ಏಳಿ ಯಜಮಾನ್ರೆ" ಎಂದಳು. ಹಿರಿಯರು ಎದ್ದರು. ಅವರು ಕೂತಿದ್ದ ಮೆತ್ತೆಯ ನಡುಗಂಟು ಕತ್ತರಿಸಿ, ಬಾಯಿ ಹೊಲಿಗೆ ಬಿಚ್ಚಿ, ಒಳಗಿದ್ದದ್ದನ್ನು ಜಗಲಿಗೆ ಸುರಿದಳು. ಯೂನಿಫಾರಂ ಚೂರು ಬಿದ್ದವು, ಧಾರೆ ಸೀರೆಯ ಪಟ್ಟಿಗಳು ಬಿದ್ದವು. ಕೊನೆಗೆ ರವಿಕೆಗಳು. ಅವನ್ನು ಬಿಡಿಸಿ, ಬೆನ್ನ ಕಡೆ ಮೇಲೆ ಬರುವ ಹಾಗೆ ಒಂದೊಂದಾಗಿ ಹರಡಿದಳು. ರಕ್ತ ಒಣಗಿ ಕಂದಾಗಿತ್ತು.

"ಉಣ್ಣೆ ಕೇಳಿದ್ದೆ, ಅಪ್ಪ ಕೊಡ್ಲಿಲ್ಲ" ಎಂದಳು.

ಇನ್ನು ಮುಂದಿನದನ್ನು ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ಯಜಮಾನರು ಬಗ್ಗಿದರು. ರಾಶಿಗೆ ಕೈಯಿಟ್ಟು ಕೆದಕಿದರು. ಅಡ್ಡ ಬಂದ ರವಿಕೆಗಳನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, ಅಡಿಯಲ್ಲಿ ಉಣ್ಣೆ ಇದೆಯೇ ಎಂದು ಹುಡುಕಿದರು. ಮೂವರೂ ಹುಡುಕಿದರು. "ಇಲ್ಲ, ಉಣ್ಣೆ ಇಲ್ಲ. ಮಾತು ನಿಲ್ಲಕಿಲ್ಲ" ಎಂದು ಹಿರಿಯರು ಕೈ ಕೊಡವಿಕೊಂಡರು. ಇನ್ನೊಂದು ದಿನ ಕಂಬಳಿ ಹಾಸಿ ಸೇರೋಣ ಎಂದು ಹೊರಟರು. ಧಾರೆ ಸೀರೆ ಚಿಂದಿಯಾದದ್ದನ್ನು ನೋಡಿದ ಭಾವನ ದೊಡ್ಡಪ್ಪ ಅಪಶಕುನವೆಂದು ಗೊಣಗುತ್ತ ನಮ್ಮ ಮನೆಯ ನೀರೂ ಮುಟ್ಟದೆ ಹೋದ.

ಆ ಇನ್ನೊಂದು ದಿನ ಬರಲಿಲ್ಲ. ಯುಗಾದಿಗೆ ಮೊದಲೇ ಭಾವ ಬೇರೆ ಹೆಣ್ಣು ತಂದನೆಂದು ಸುದ್ದಿ ಬಂತು. ಪೀಡೆ ತೊಲಗಿತೆಂದು ನಮ್ಮವರು ಸಮಾಧಾನಪಟ್ಟರು. ಆ ಹುಡುಗಿಯ ಬೆನ್ನನ್ನು ಯಾರು ನೋಡಿದರೋ ನನಗೆ ತಿಳಿಯದು. ಅಕ್ಕ ಉಳಿದಳು. ಒಂದು ಹಿಡಿ ಉಣ್ಣೆ ಇಲ್ಲದ್ದಕ್ಕೆ ಉಳಿದಳು. ತಿಪ್ಪೆಯ ಉಣ್ಣೆಯನ್ನು ಅಪ್ಪ ಅಂದು ಕೊಟ್ಟಿದ್ದರೆ, ಆ ಯಜಮಾನರು ಅದನ್ನೇ ಹಿಡಿದು ಎತ್ತಿ ತೋರಿಸಿ, ರಕ್ತದ ಬಟ್ಟೆಯನ್ನು ದಾಟಿಕೊಂಡು, ಅವಳನ್ನು ಬಸ್ಸು ಹತ್ತಿಸುತ್ತಿದ್ದರು. ಇದರಲ್ಲಿ ನಗುವುದಕ್ಕೆ ಏನಿದೆ?

ಅಂದು ಎಲ್ಲರೂ ಹೋದ ಮೇಲೆ ಅಕ್ಕ ಚೂರುಗಳನ್ನೆಲ್ಲ ಬಳಿದು ಮತ್ತೆ ಚೀಲಕ್ಕೆ ತುಂಬಿದಳು. ರವಿಕೆಗಳನ್ನು ಅಜ್ಜಿ ಒಲೆಗೆ ಹಾಕಿದಳು. ಬಾಯಿ ಹೊಲಿದು, ದಬ್ಬಳ ಹಾಯಿಸಿ, ಗಂಟು ಬಿಗಿದು, ಹಿರಿಯ ಯಜಮಾನರು ಕೂತಿದ್ದ ಜಾಗದಲ್ಲೇ ಮೆತ್ತೆ ಹಾಕಿಕೊಂಡು ಅಕ್ಕ ಕೂತಳು. ಬೀಗರನ್ನು ಬಸ್ಸಿಗೆ ಬಿಟ್ಟು ಬಂದ ಅಪ್ಪ ಅವಳನ್ನು ನೋಡಿ ಮೆಟ್ಟಿಲಲ್ಲೇ ನಿಂತ.

"ಗಂಡಸ್ರು ಕೂರೋ ಜಾಗ. ಏಳು ಮ್ಯಾಕೆ" ಎಂದ.

ಅಕ್ಕ ಹಲ್ಲಿನಿಂದ ದಾರ ಕಡಿದಳು. ದಬ್ಬಳವನ್ನು ಮೆತ್ತೆಯ ಅಂಚಿಗೆ ಚುಚ್ಚಿಟ್ಟಳು.

"ಕಂಬ್ಳಿ ಹಾಸಿ ಹೇಳಪ್ಪ" ಎಂದಳು.