ಉಯಿಲಿನ ಮಾತಿಗೆ ಅರ್ಥ ಹೇಳುವ ‘ಅಂದ್ರೆ ಅಕ್ಕ’

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ನೋಂದಣಿ ಕಚೇರಿಯ ಬಾಗಿಲಿಗೆ ಬೀಗ. ಎದುರಿನ ಜೆರಾಕ್ಸ್ ಅಂಗಡಿಯ ಶಟರ್ ಕೂಡ ಎದ್ದಿಲ್ಲ. ಆದರೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮಡಚುವ ಮೇಜೊಂದು ಆಗಲೇ ಕಾಲು ಬಿಚ್ಚಿ ನಿಂತಿದೆ. ಮೇಜಿನ ಹಿಂದೆ ಕುಳಿತ ಹೆಂಗಸು ಕನ್ನಡಕ ಒರೆಸಿಕೊಂಡು, ಬೀದಿದೀಪದ ಬೆಳಕು ಸರಿಯಾಗಿ ಬೀಳುವಂತೆ ಕುರ್ಚಿಯನ್ನು ಒಂದು ಗೇಣು ಸರಿಸಿಕೊಳ್ಳುತ್ತಾರೆ. ಎದುರಿಗೆ ಗಾರೆ ಕೆಲಸದ ಮೇಸ್ತ್ರಿ ನಿಂತಿದ್ದಾನೆ. ಏಳಕ್ಕೆ ಕೆಲಸದ ಜಾಗದಲ್ಲಿರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ನಾಲ್ಕು ಹಾಳೆ. ತೀರಿಕೊಂಡ ಮಾವ ಬರೆದಿಟ್ಟ ಉಯಿಲು.

“ಅಕ್ಕಾ, ನನ್ನ ಹೆಂಡ್ತಿಗೆ ‘ಚರ ಸ್ವತ್ತು’ ಅಂತ ಬರೆದಿದ್ದಾರೆ. ಚರ ಅಂದ್ರೆ ಚರಂಡಿ ಪಕ್ಕದ ಜಾಗ ಅಂತ ನಮ್ಮ ಭಾವಮೈದ ಹೇಳ್ತಾನೆ. ಹೌದಾ?”

ಅಕ್ಕನಿಗೆ ನಗು ಬರುತ್ತದೆ. ಆದರೂ ನಾಲ್ಕೂ ಹಾಳೆ ಓದಿ ಮುಗಿಸುವವರೆಗೆ ಬಾಯಿ ಬಿಡುವುದಿಲ್ಲ. ಆಮೇಲೆ ಹೇಳುತ್ತಾರೆ: “ಅಂದ್ರೆ... ನೀವು ಎತ್ಕೊಂಡು ಓಡೋಕಾಗೋದೆಲ್ಲಾ ಚರ. ನೀವು ಓಡಿಹೋದ್ರೂ ಅಲ್ಲೇ ಕೂತಿರೋದು ಸ್ಥಿರ.”

ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ. “ಹಂಗಾದ್ರೆ ಮನೆ ನಮಗಿಲ್ಲ.”

“ಮನೆ ನಿಮ್ಮ ಭಾವಮೈದನಿಗೆ. ಬೀರು, ಮಂಚ, ಬ್ಯಾಂಕಲ್ಲಿರೋದು, ಮಾವನ ಮರಗೆಲಸದ ಸಾಮಾನು, ಇವೆಲ್ಲ ನಿಮ್ಮ ಮನೆಯೋರಿಗೆ.”

“ಗಾಡಿ?”

“ಗಾಡಿ ಇರೋದೇ ಓಡೋಕಲ್ವೇನ್ರೀ!”

ಮೇಸ್ತ್ರಿ ಜೋರಾಗಿ ನಗುತ್ತಾನೆ. ಹಾಳೆಗಳನ್ನು ಕವರಿಗೆ ಸೇರಿಸಿ, ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಕೇಳುತ್ತಾನೆ: “ಚರಂಡಿ ಕಥೆ ಮಾತ್ರ ಸುಳ್ಳು ತಾನೆ?” ಖಾತ್ರಿಯಾದ ಮೇಲೆಯೇ ಹೊರಡುತ್ತಾನೆ.

ಈ ಬೀದಿಯಲ್ಲಿ ಇವರ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಅಂದ್ರೆ ಅಕ್ಕ’ ಎಂದರೆ ಪೇಪರ್ ಹಾಕುವವರೂ ಮೇಜು ತೋರಿಸುತ್ತಾರೆ. ಬಾಯಿ ತೆರೆದರೆ ಮೊದಲ ಮಾತು ‘ಅಂದ್ರೆ’ ಎಂದೇ ಇರುವುದರಿಂದ ಬಂದ ಹೆಸರು. ವಯಸ್ಸು ಐವತ್ತೇಳು. ಒಂಬತ್ತೂವರೆಯಿಂದ ಐದರವರೆಗೆ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯ ನೋಟರಿ ಕಚೇರಿಯಲ್ಲಿ ಟೈಪಿಸ್ಟ್. ಅದು ಹೊಟ್ಟೆಪಾಡಿನ ಕೆಲಸ. ಬೆಳಗಿನ ಆರರಿಂದ ಒಂಬತ್ತರವರೆಗಿನ ಮೂರು ತಾಸು ಮಾತ್ರ ಪೂರ್ತಿ ಅವರದ್ದು. ಉಯಿಲು, ದಾನಪತ್ರ, ವಿಭಾಗಪತ್ರ, ವಾರಸುದಾರರ ಅರ್ಜಿ ಏನೇ ತಂದರೂ ಓದಿ, ಬಳಸುವ ಮಾತಿನಲ್ಲಿ ತಿಳಿಸಿ ಹೇಳುತ್ತಾರೆ. ಹದಿನಾಲ್ಕು ವರ್ಷಗಳಿಂದ ವಾರಕ್ಕೆ ಆರು ದಿನ, ದಿನಕ್ಕೆ ಆರೇಳು ಮಂದಿ. ಒಂದು ಕಾಗದಕ್ಕೆ ಇಪ್ಪತ್ತು ನಿಮಿಷ, ಹಳೆಯ ಕೈಬರಹವಾದರೆ ಮುಕ್ಕಾಲು ಗಂಟೆ.

ಇಷ್ಟು ಬೇಗ ಯಾಕೆ? “ಕಚೇರಿ ತೆಗೆಯೋ ಹೊತ್ತಿಗೆ ಬರೋರು ವಕೀಲರ ಜತೆ ಬರ್ತಾರೆ. ಅವರಿಗೆ ನಾನು ಬೇಕಾಗಿಲ್ಲ. ರಜೆ ಹಾಕೋಕಾಗದೇ ಇರೋರು ಈ ಹೊತ್ತಿಗೇ ಬರೋದು. ಆಸ್ಪತ್ರೆ ಆಯಾಗಳು, ಬಸ್ಸಿನೋರು, ಮನೆಗೆಲಸದೋರು. ಅವರಿಗೆ ಕೇಳೋಕೂ ಸಂಕೋಚ. ‘ಅಷ್ಟೂ ಗೊತ್ತಾಗಲ್ವಾ’ ಅಂದುಬಿಟ್ರೆ ಅಂತ. ಗೊತ್ತಾಗ್ಬಾರ್ದು ಅಂತಲೇ ಬರೆದ ಹಾಗಿರುತ್ತೆ, ಪಾಪ, ಅವರದ್ದೇನು ತಪ್ಪು?”

ಈ ಕೆಲಸ ಶುರುವಾದ ಬಗೆ ಕೇಳಿದರೆ ಅಕ್ಕ ಹಳೆಯ ಕಥೆ ತೆಗೆಯುತ್ತಾರೆ. ಹತ್ತೊಂಬತ್ತನೇ ವಯಸ್ಸಿಗೆ ಅವರು ಒಬ್ಬ ಹಿರಿಯ ವಕೀಲರ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದರು. ಬೆರಳು ಚುರುಕು, ತಪ್ಪು ಕಡಿಮೆ. ಏನು ಟೈಪ್ ಮಾಡುತ್ತಿದ್ದೇನೆಂಬುದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. “ಅಕ್ಷರ ಕಣ್ಣಿಂದ ಬಂದು ಬೆರಳಿಂದ ಹೋಗಿಬಿಡ್ತಿತ್ತು. ನಡುವೆ ಎಲ್ಲೂ ನಿಲ್ತಿರ್ಲಿಲ್ಲ.”

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಅವರ ಚಿಕ್ಕಪ್ಪ ಅದೇ ಕಚೇರಿಗೆ ಬಂದರು. ಜತೆಯಲ್ಲಿ ಅಪ್ಪನ ಅಕ್ಕ, ಅಂದರೆ ಇವರ ಸೋದರತ್ತೆ. ಮಕ್ಕಳಿಲ್ಲದ ವಿಧವೆ, ಎರಡನೇ ತರಗತಿಗೆ ಶಾಲೆ ಬಿಟ್ಟವರು. ಅತ್ತೆ ವಾಸವಿದ್ದ, ಅವರಿಗೂ ಚಿಕ್ಕಪ್ಪನಿಗೂ ತಾಯಿಯಿಂದ ಬಂದ ಮನೆಯ ಬಗ್ಗೆ ಒಂದು ಕಾಗದವಾಗಬೇಕಿತ್ತು. ತಲೆಬರಹ ‘ಹಕ್ಕು ಬಿಡುಗಡೆ ಪತ್ರ’. ಟೈಪ್ ಮಾಡಿದ್ದು ಇದೇ ಹುಡುಗಿ. ಸಹಿ ಹಾಕುವ ಮೊದಲು ಅತ್ತೆ ಕೇಳಿದ್ದೂ ಇವಳನ್ನೇ.

“‘ಏನೇ ಇದು, ನೀನೇ ಬರೆದಿದ್ದಲ್ವಾ, ಏನಂತಿದೆ?’ ಅಂದ್ರು. ನನಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ. ಬಿಡುಗಡೆ ಅಂತಿದೆಯಲ್ಲ, ಒಳ್ಳೇದೇ ಇರಬೇಕು ಅಂದ್ಕೊಂಡೆ. ‘ಏನಿಲ್ಲ ಅತ್ತೆ, ಎಲ್ಲಾ ಸರಿಯಾಗಿದೆ, ಹಾಕಿ’ ಅಂದೆ. ಹಾಕಿದ್ರು.”

ಅತ್ತೆ ಆ ಸಹಿಯಿಂದ ಮನೆಯಲ್ಲಿ ತನಗಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದರು. ಆರು ತಿಂಗಳ ನಂತರ ಚಿಕ್ಕಪ್ಪ ಮನೆ ಮಾರಿದರು. ಅತ್ತೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಟ್ರಂಕು ಹಿಡಿದು ಅವರು ಬಂದದ್ದು ಇವರ ಮನೆಗೇ. ಅಪ್ಪ ಅಮ್ಮ ತಲೆ ತಗ್ಗಿಸಿ ನಿಂತರು. ಹುಡುಗಿ ಅಳುತ್ತಾ ಎಲ್ಲವನ್ನೂ ಹೇಳಿದಳು.

“ಅತ್ತೆ ಬೈಲಿಲ್ಲ. ‘ನಿನಗೂ ಗೊತ್ತಿರ್ಲಿಲ್ಲ, ಬಿಡು’ ಅಂದ್ರು. ಬೈದಿದ್ರೆ ನಾಲ್ಕು ದಿನ ಅತ್ತು ಮರೆತುಬಿಡ್ತಿದ್ದೆ.”

ಮರುದಿನ ಕಚೇರಿಗೆ ಹೋದವಳು ನೇರ ವಕೀಲರ ಮುಂದೆ ನಿಂತು, ‘ಹಕ್ಕು ಬಿಡುಗಡೆ ಅಂದ್ರೇನು ಸರ್?’ ಎಂದು ಕೇಳಿದಳು. ಅವರು ಹೇಳಿದರು. ಅದನ್ನು ಉದ್ದ ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮರುದಿನ ಇನ್ನೊಂದು ಮಾತು, ಅದರ ಮರುದಿನ ಮತ್ತೊಂದು. ಹಿರಿಯ ವಕೀಲರು ಮೊದಮೊದಲು ಗದರಿದರು, ಆಮೇಲೆ ಅವರಿಗೇ ರುಚಿ ಹತ್ತಿತು. ಸಂಜೆ ಮನೆಗೆ ಬಂದು ಆ ಮಾತನ್ನು ಅತ್ತೆಗೆ ವಿವರಿಸುವುದು ರೂಢಿಯಾಯಿತು. ಅತ್ತೆ ಸೊಪ್ಪು ಬಿಡಿಸುತ್ತಾ ಕೇಳುವರು. ಅರ್ಥವಾಗದಿದ್ದರೆ “ಅದೂ ಕಚೇರಿ ಮಾತೇ ಆಯ್ತಲ್ಲೇ” ಎಂದು ವಾಪಸು ಕಳಿಸುವರು. ಅರ್ಥವಾದರೆ “ಹಾಂ, ಹಿಂಗೆ ಹೇಳು ಮತ್ತೆ” ಎನ್ನುವರು. ಆಗ ಆ ಪದದ ಮುಂದೆ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಬೀಳುತ್ತಿತ್ತು. ಎತ್ತಿಕೊಂಡು ಓಡುವ ಆಸ್ತಿಯ ವಿವರಣೆ ಕೂಡ ಅತ್ತೆಯದ್ದೇ.

ಈಗ ಅಂಥ ನೋಟ್‌ಬುಕ್ಕು ಮೂರಿವೆ. ಒಟ್ಟು ನಾನೂರ ಹನ್ನೆರಡು ಪದ. ಅದರಲ್ಲಿ ನೂರ ಎಂಬತ್ತಕ್ಕೆ ಅತ್ತೆಯ ಸರಿ ಗುರುತಿದೆ. ಪುಟ ತಿರುವಿದರೆ ಕಾಣುವುದು ಹೀಗೆ: ‘ಪರಭಾರೆ: ಮಾರೋದು, ಅಡ ಇಡೋದು, ದಾನ ಕೊಡೋದು, ಒಟ್ಟಿನಲ್ಲಿ ಕೈ ಬದಲಾಗೋದು.’ ‘ಜಾರಿಕರ್ತ: ಹೋದವರ ಮಾತನ್ನ ಇರೋರಿಂದ ನಡೆಸೋನು. ಕಷ್ಟದ ಕೆಲಸ, ಒಪ್ಪೋ ಮುಂಚೆ ಯೋಚಿಸಿ.’ ‘ಸದರಿ: ಆಗಲೇ ಹೇಳಿದ್ನಲ್ಲ, ಅದೇ.’

ಮದುವೆಯಾಗಿ ಹೊರಟಾಗ ಅವರು ಅತ್ತೆಯನ್ನೂ ಜತೆಗೆ ಕರೆದುಕೊಂಡು ಹೋದರು. ಕೈಗಡಿಯಾರ ರಿಪೇರಿ ಮಾಡುವ ಪತಿಗೆ ಅದರಲ್ಲಿ ತಕರಾರಿರಲಿಲ್ಲ. “ಮನೇಲಿ ನನ್ನ ಪರ ಮಾತಾಡ್ತಿದ್ದೋರು ಆ ಅತ್ತೆಯೊಬ್ಬರೇ ಸ್ವಾಮಿ,” ಎನ್ನುತ್ತಾರೆ ಪತಿ. “ಅವರು ತೀರ್ಕೊಂಡ್ಮೇಲೆ ಇವಳು ಹೊಸ ಪದ ತಂದು ನನ್ನ ಮುಂದೆ ಹಿಡಿದ್ಲು. ನಾನು ಎರಡೇ ಮಾತಿಗೆ ‘ಗೊತ್ತಾಯ್ತು’ ಅಂದುಬಿಡ್ತಿದ್ದೆ. ಪರೀಕ್ಷೆ ಮಾಡೋ ಕೆಲಸದಿಂದ ನನ್ನ ತೆಗೆದುಹಾಕಿದ್ಲು. ಈಗ ಜಗಳ ಆಡೋಕೂ ಭಯ. ಒಂದು ಮಾತಂದ್ರೆ ಸಾಕು, ‘ಅಂದ್ರೆ?’ ಅಂತ ಶುರು.”

ಅತ್ತೆ ಹನ್ನೊಂದು ವರ್ಷ ಇವರ ಜತೆಗಿದ್ದು, ನೆಮ್ಮದಿಯಿಂದಲೇ ತೀರಿಕೊಂಡರು. ವಕೀಲರು ವೃತ್ತಿ ಬಿಟ್ಟಾಗ ಅಕ್ಕನಿಗೆ ನಲವತ್ತಮೂರು. ಇಲ್ಲಿನ ನೋಟರಿ ಕಚೇರಿಗೆ ಸೇರಿದರು, ಆ ವರ್ಷವೇ ಮೇಜು ಕಟ್ಟೆಗೆ ಬಂತು. ಇಲ್ಲಿ ಕೂರಲು ಅವರದ್ದೇ ಒಂದಿಷ್ಟು ನಿಯಮ. ಓದಿ ಹೇಳಿದ್ದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಕಾಗದವನ್ನು ಪೂರ್ತಿ ಓದುತ್ತಾರೆ, ಇಲ್ಲವೇ ಮುಟ್ಟುವುದಿಲ್ಲ. ಒಮ್ಮೆ ಒಬ್ಬ ತನ್ನ ಅಜ್ಜಿಯನ್ನು ಕರೆತಂದು, ಮೂರನೇ ಪುಟ ಬಿಟ್ಟು ಓದಿ ಎಂದು ಕಿವಿಯಲ್ಲಿ ಪಿಸುಗುಟ್ಟಿದನಂತೆ. ಅಕ್ಕ ಮೂರನೇ ಪುಟದಿಂದಲೇ ಶುರು ಮಾಡಿದರು, ಅದೂ ಎರಡು ಸಲ. “ನಾನು ವಕೀಲೆ ಅಲ್ಲ. ಏನು ಬರೆದಿದೆ ಅಂತ ಹೇಳ್ತೀನಿ. ಏನು ಮಾಡಬೇಕು ಅಂತ ಹೇಳಲ್ಲ. ಗೊಂದಲ ಇದ್ರೆ ವಕೀಲರ ಹತ್ತಿರ ಕಳಿಸ್ತೀನಿ, ಏನೇನು ಕೇಳ್ಬೇಕು ಅಂತ ಚೀಟಿ ಬರೆದುಕೊಟ್ಟು.”

ನಾನು ಅಲ್ಲಿ ಕೂತ ಎರಡನೇ ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮದುವೆಯಾಗಿಲ್ಲ, ಅಪ್ಪನನ್ನು ಕೊನೆಯವರೆಗೂ ನೋಡಿಕೊಂಡು ಅದೇ ಮನೆಯಲ್ಲಿ ಉಳಿದವರು. ಹತ್ತು ಹೆಜ್ಜೆ ಹಿಂದೆ ಅವರ ತಮ್ಮ, ಬಸ್ ಡಿಪೋದ ಮೆಕ್ಯಾನಿಕ್. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ. ಮೂರು ವರ್ಷದಿಂದ ಮಾತಿಲ್ಲ. ಅಪ್ಪನ ಉಯಿಲಿನ ಒಂದೊಂದು ಪ್ರತಿ ಇಬ್ಬರ ಕೈಯಲ್ಲೂ ಇದೆ. ತಮ್ಮನ ಪ್ರತಿ ಮಡಿಕೆಯಲ್ಲಿ ಹರಿದಿದೆ, ಅಷ್ಟು ಸಲ ಬಿಚ್ಚಿ ನೋಡಿದ್ದಾನೆ.

“ಅವನಿಗೇ ಮನೆ ಬರೆದಿದ್ದಾರಂತೆ. ನನ್ನ ಯಾವಾಗ ಬೇಕಾದ್ರೂ ಎಬ್ಬಿಸ್ಬಹುದಂತೆ,” ಎನ್ನುತ್ತಾರೆ ಆ ಹೆಂಗಸು.

“ಹಕ್ಕು ಅವಳದ್ದೇ ಅಂತ ಬರೆದಿದೆಯಲ್ಲ! ನಾಳೆ ಮಾರಿಬಿಟ್ರೆ ನಾನೇನು ಮಾಡ್ಲಿ?” ಎನ್ನುತ್ತಾನೆ ತಮ್ಮ, ಮೇಜಿನ ಕಡೆ ನೋಡಿಕೊಂಡು; ಒಡಹುಟ್ಟಿದವಳ ಕಡೆಗಲ್ಲ.

‘ಅಂದ್ರೆ ಅಕ್ಕ’ ಗಟ್ಟಿಯಾಗಿ ಓದುತ್ತಾರೆ: “‘ನನ್ನ ಮಗಳು ಸದರಿ ಮನೆಯಲ್ಲಿ ಜೀವಿತಾವಧಿಯವರೆಗೆ ಅನುಭೋಗದ ಹಕ್ಕನ್ನು ಹೊಂದಿರತಕ್ಕದ್ದು. ಪರಭಾರೆ ಮಾಡುವ ಅಧಿಕಾರ ಇರತಕ್ಕದ್ದಲ್ಲ. ತದನಂತರ ಸದರಿ ಸ್ವತ್ತು ನನ್ನ ಮಗನಿಗೆ ಅಥವಾ ಅವನ ವಾರಸುದಾರರಿಗೆ ಪ್ರಾಪ್ತವಾಗತಕ್ಕದ್ದು.’ ಆಯ್ತಾ? ಅಂದ್ರೆ... ಅಮ್ಮಾ, ನೀವು ಇರೋವರೆಗೂ ಆ ಮನೇಲಿ ಇರಿ. ಯಾರೂ ನಿಮ್ಮನ್ನ ಎಬ್ಬಿಸೋ ಹಾಗಿಲ್ಲ ಅಂತ ಬರೆದಿದ್ದಾರೆ. ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ಅಣ್ಣಾ, ಮನೆ ಎಲ್ಲೂ ಹೋಗಲ್ಲ. ಅವರ ನಂತರ ನಿಮಗೆ, ಇಲ್ಲಾ ನಿಮ್ಮ ಮಕ್ಕಳಿಗೆ.”

ತಮ್ಮ ತನ್ನ ಹರಿದ ಪ್ರತಿ ಬಿಚ್ಚಿ ಆ ಸಾಲು ಹುಡುಕುತ್ತಾನೆ. ಕಸದ ಗಾಡಿಯೊಂದು ಗಡಗಡ ಸದ್ದು ಮಾಡುತ್ತಾ ಬೀದಿ ದಾಟಿ ಹೋಗುತ್ತದೆ.

“ಇನ್ನೊಂದ್ಸಲ ಓದಿ,” ಎನ್ನುತ್ತಾನೆ ತಮ್ಮ. ಇನ್ನೊಂದು ಸಲ ಓದುತ್ತಾರೆ.

“ಅಂದ್ರೆ ಅಪ್ಪ ಇಬ್ರಿಗೂ ಕೊಟ್ಟಿದ್ದಾರೆ.”

“ಹೌದು. ಒಬ್ಬರಾದ ಮೇಲೆ ಒಬ್ಬರಿಗೆ.”

ಆಸ್ಪತ್ರೆಯ ಹೆಂಗಸು ಮೊದಲ ಬಾರಿಗೆ ತಮ್ಮನ ಕಡೆ ತಿರುಗುತ್ತಾರೆ. “ಮೂರು ವರ್ಷ ಮನೆ ಕಡೆ ತಲೆ ಹಾಕ್ಲಿಲ್ವಲ್ಲೋ.”

“ನೀನು ಕರೆದ್ಯಾ?” ಎನ್ನುವವನ ದನಿ ಅರ್ಧಕ್ಕೇ ಒಡೆಯುತ್ತದೆ. ಹರಿದ ಹಾಳೆ ಮಡಚುತ್ತಾ, ದೊಡ್ಡ ವಿಷಯವೆಂಬಂತೆ ಕೇಳುತ್ತಾನೆ: “ಮನೆ ಸೂರು ಸೋರ್ತಿದೆಯಾ ಇನ್ನೂ?”

“ಸೋರದೆ! ಅಡುಗೆಮನೆ ಪೂರ್ತಿ.” ಈಗ ಇಬ್ಬರೂ ಒಟ್ಟಿಗೇ ಮೇಜಿನ ಕಡೆ ನೋಡುತ್ತಾರೆ. ರಿಪೇರಿ ಯಾರು ಮಾಡಿಸಬೇಕು?

“ಅದನ್ನ ನಿಮ್ಮಪ್ಪ ಬರೆದಿಲ್ಲ,” ಎನ್ನುತ್ತಾರೆ ‘ಅಂದ್ರೆ ಅಕ್ಕ’. “ನೀವೇ ಮಾತಾಡ್ಕೊಳ್ಳಿ. ಬಗೆಹರೀದೇ ಇದ್ರೆ ವಕೀಲರನ್ನ ಕೇಳಿ, ಚೀಟಿ ಕೊಡ್ತೀನಿ.”

ಚೀಟಿ ಬೇಡವೆನ್ನುತ್ತಾರೆ. ಹೋಗುವಾಗಲೂ ವಾದ ನಡೆದೇ ಇದೆ, ಹೆಂಚು ಹಾಕಿಸುವುದೋ ಶೀಟು ಹಾಕಿಸುವುದೋ ಎಂದು. ಆದರೆ ಅಕ್ಕಪಕ್ಕದಲ್ಲೇ ನಡೆಯುತ್ತಿದ್ದಾರೆ.

ಎಲ್ಲ ಬೆಳಗೂ ಹೀಗಿರುವುದಿಲ್ಲ. ಅರ್ಥವಾದ ಮೇಲೆಯೇ ಅಳು ಬರುವಂಥ ಕಾಗದಗಳೂ ಬರುತ್ತವೆ. “ನಿಮಗೆ ಏನೂ ಬರೆದಿಲ್ಲ ಅಂತ ಹೇಳೋದು ಕಷ್ಟ. ಆದ್ರೂ ಹೇಳ್ತೀನಿ. ಗೊತ್ತಿಲ್ಲದೆ ವರ್ಷಗಟ್ಟಲೆ ಕಾಯೋದಕ್ಕಿಂತ ಗೊತ್ತಾಗಿ ಒಂದು ದಿನ ಅಳೋದು ವಾಸಿ. ಅಳ್ತಾ ಕೂತ್ರೆ ನಾನೂ ಪಕ್ಕದಲ್ಲಿ ಕೂರ್ತೀನಿ.”

ಒಂಬತ್ತಕ್ಕೆ ಮೇಜು ಮಡಚುತ್ತಾ ಅವರೇ ಒಂದು ವಿಷಯ ತೆಗೆಯುತ್ತಾರೆ. ಹೋದ ತಿಂಗಳು ತಮ್ಮ ಉಯಿಲನ್ನೂ ಬರೆದಿದ್ದಾರಂತೆ. ಒಂದೇ ಪುಟ. ‘ಇರತಕ್ಕದ್ದು’, ‘ಆಗತಕ್ಕದ್ದು’ ಒಂದೂ ಇಲ್ಲ. ನೋಟರಿಯವರು ನೋಡಿ, ‘ಏನಮ್ಮ ಇದು, ಮಗಳಿಗೆ ಪತ್ರ ಬರೆದ ಹಾಗಿದೆ’ ಎಂದು ನಕ್ಕು, ಯಾವ ಅಂಶವೂ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿದರಂತೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳೇ ಮಗಳಿಗೆ ಊಟಕ್ಕೆ ಕೂತಾಗ ಅದನ್ನು ಓದಲು ಕೊಟ್ಟರು.

“ಓದಿದ್ಲು. ಮಡಚಿಟ್ಲು. ಅನ್ನ ಬಡಿಸ್ಕೊಂಡ್ಲು. ನನಗೆ ತಡೆಯೋಕಾಗ್ಲಿಲ್ಲ. ‘ಏನೂ ಕೇಳಲ್ವೇನೇ?’ ಅಂದೆ. ‘ಕೇಳೋಕೇನಿದೆಯಮ್ಮ, ಎಲ್ಲಾ ಅರ್ಥ ಆಯ್ತಲ್ಲ’ ಅಂದ್ಲು.”

ಹೇಳಿ ಮುಗಿಸುವಾಗ ಅಕ್ಕನ ಮುಖ ಅರಳಿರುತ್ತದೆ. “ಮೂವತ್ತೆಂಟು ವರ್ಷ ಟೈಪ್ ಮಾಡಿದ್ದೀನಿ. ಅಷ್ಟರಲ್ಲಿ ಚೆನ್ನಾಗಿ ಬಂದಿದ್ದು ಅದೊಂದೇ ಪುಟ ನೋಡಿ,” ಎಂದು ಹೇಳಿ, ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗುತ್ತಾರೆ.