ಬಾರ್ಲಿ ಮುಟ್ಟಿದರೆ ಗೋಧಿಗೆ ನೋವಾಗಬಾರದು

ಬೆಳಗಿನ ಐದೂವರೆ. ಹಾರ್ಷಮ್ ಊರಿನ ಧಾನ್ಯ ಸಹಕಾರ ಸಂಘದಲ್ಲಿ, ಲಾರಿ ತೂಗುವ ವೇಬ್ರಿಡ್ಜ್ ಮುಂದೆ ಆಗಲೇ ಲಾರಿಗಳ ಸಾಲು. ಬಾರ್ಲಿಯ ತೇವಾಂಶದ ಮಿತಿಯನ್ನು ಖರೀದಿದಾರರು ನಿನ್ನೆ ಸಂಜೆ ಬದಲಿಸಿದ್ದಾರೆ. ಆರಕ್ಕೆ ಗೇಟು ತೆರೆಯುವಷ್ಟರಲ್ಲಿ ಅದು ಸಂಘದ ತಂತ್ರಾಂಶದಲ್ಲೂ ಬದಲಾಗಬೇಕು. ಪ್ರತಿ ಸಲ ಈ ಕೆಲಸ ಮಾಡುವ ಲಿನೆಟ್ ಟ್ರೆಲೋರ್ ಇಂದು ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ. ಕೀಬೋರ್ಡ್ ಜೊತೆಗಾರ ಡೆಸ್ಮಂಡ್ ಕೈಯಲ್ಲಿದೆ.

"ಲಿನ್, ನೀನು ಉಸಿರು ಬಿಟ್ರೂ ನನ್ಗೆ ಅಂಕಿ ತಪ್ಪುತ್ತೆ."

"ಉಸಿರು ನಿಲ್ಸಿದ್ರೆ ಇದೆಲ್ಲ ನಿನ್ ತಲೆಗೇ ಬರುತ್ತೆ, ಹುಷಾರು!"

ಐವತ್ತೆಂಟರ ಲಿನೆಟ್ ಈ ತಂತ್ರಾಂಶವನ್ನು ಕಟ್ಟಿದವರಲ್ಲ, ಹತ್ತೊಂಬತ್ತು ವರ್ಷದಿಂದ ಬದುಕಿಸುತ್ತ ಬಂದವರು. ಕಟ್ಟಿದವರಿಗೆ ಹಾರ, ರಿಪೇರಿಯವರಿಗೆ ಬೈಗುಳ. ಅವರು ಬಂದಾಗ ಬಾರ್ಲಿಯ ನಿಯಮ ನಲವತ್ತೊಂದು ಕಡೆ ಚೆದುರಿತ್ತು. ಒಂದು ಅಂಕಿ ಬದಲಿಸಲು ಒಂಬತ್ತು ದಿನ ಹಿಡಿಯುತ್ತಿತ್ತು. ಒಂದು ಕಡೆ ಮರೆತರೂ ಒಳ್ಳೆಯ ಕಾಳು ದನದ ಮೇವಿನ ದರ್ಜೆಗೆ ಬೀಳುತ್ತಿತ್ತು.

ಪದೇ ಪದೇ ಎದುರಾಗುವ ತೊಡಕುಗಳಿಗೆ ಈ ಕಸುಬಿನವರು ಒಪ್ಪಿಕೊಂಡ ಕಟ್ಟುವ ಕ್ರಮಗಳಿವೆ. ಡಿಸೈನ್ ಪ್ಯಾಟರ್ನ್ ಎನ್ನುತ್ತಾರೆ. ಲಿನೆಟ್ ಅವನ್ನು ಓದಿ ಮೊದಲು ಎಡವಿದರು. "ಕಲ್ತಿದ್ದನ್ನೆಲ್ಲ ತುರುಕಿದೆ. ಮಸೂರ ಬೇಳೆಯ ಒಂದು ನಿಯಮಕ್ಕೆ ಏಳು ಪದರ ಕೋಡ್! ಮೂರು ತಿಂಗಳಾದ್ಮೇಲೆ, ಯಾವ ಪೆದ್ದ ಬರ್ದಿದ್ದು ಅಂತ ಹುಡುಕಿದ್ರೆ ನನ್ನದೇ ಹೆಸರು." ಆರು ಪದರ ಕಿತ್ತೆಸೆದರು. ಈಗ ಪ್ರತಿ ಧಾನ್ಯದ ನಿಯಮಕ್ಕೂ ಅದರದೇ ಜಾಗ. ದಿನಕ್ಕೆ ಮುನ್ನೂರು ಲಾರಿ ಬಂದರೂ, ಯಾವ ಕಾಳು ಬಂತೋ ಅದರ ನಿಯಮವನ್ನಷ್ಟೇ ತಂತ್ರಾಂಶ ಕರೆಯುತ್ತದೆ.

ಆದರೂ ಏನೇ ಕೆಟ್ಟರೂ ಫೋನ್ ಹೋಗುವುದು ಲಿನೆಟ್‌ಗೇ. ಕರೆ ಬಂದ ಅರ್ಧಗಂಟೆಯಲ್ಲಿ ಅವರು ಕಚೇರಿಯಲ್ಲಿರಬೇಕು. ಉತ್ತರಕ್ಕೆ, ಗಂಟೆಗೂ ಹೆಚ್ಚು ದಾರಿಯ ರೇನ್‌ಬೋ ಊರಿನಲ್ಲಿ, ಅಪ್ಪನ ಹೊಲವನ್ನು ತಂಗಿ ಕೋರಲ್ ನೋಡಿಕೊಳ್ಳುತ್ತಾಳೆ. ಹತ್ತೊಂಬತ್ತು ಸುಗ್ಗಿಯಾದರೂ ಲಿನೆಟ್ ಅತ್ತ ಹೋಗಿಲ್ಲ.

"ಕೊಯ್ಲಿನ ಯಂತ್ರದಲ್ಲಿ ಅವಳ ಪಕ್ಕ ಕೂತು, ಧೂಳು ಬಿದ್ದ ಸ್ಯಾಂಡ್‌ವಿಚ್ ತಿನ್ಬೇಕು ಕಣ್ರೀ. ಬೇರೇನೂ ಬೇಡ. ಮುಂದಿನ ವರ್ಷ ಹೊಲ ಪಕ್ಕದವರಿಗೆ ಗುತ್ತಿಗೆ ಕೊಡ್ತಾಳಂತೆ. ಈ ಸಲ ತಪ್ಪಿದ್ರೆ ತಪ್ಪಿದ ಹಾಗೇ." ಇವರ ಬಗ್ಗೆ ಬರೆಯಲು ಬಂದ ನನಗೆ ಲಿನೆಟ್ ಹೇಳುವುದಿಷ್ಟೇ. ಇಂದಿನ ಬದಲಾವಣೆಯನ್ನು ಡೆಸ್ಮಂಡ್ ಒಬ್ಬನೇ ಮುಗಿಸಿದರೆ ಅವರು ಹೊರಡಬಹುದು.

ಡೆಸ್ಮಂಡ್ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತಾನೆ, ಒಂದೇ ಒಂದು ಕಡತ ಮುಟ್ಟಿ. ಆರಕ್ಕೆ ಮೊದಲ ಬಾರ್ಲಿ ಲಾರಿ ಸರಿಯಾದ ದರ್ಜೆಯ ಚೀಟಿ ಪಡೆದು ಮುಂದೆ ಸಾಗುತ್ತದೆ. ಹಿಂದೆಯೇ ಗೋಧಿಯದೂ.

ಲಿನೆಟ್ ಕಾರಿನ ಕೀಲಿ ಎತ್ತಿಕೊಳ್ಳುತ್ತಾರೆ. "ಏನಾದ್ರೂ ಆದ್ರೆ ಫೋನ್ ಮಾಡ್ಲಾ?" ಎನ್ನುತ್ತಾನೆ ಡೆಸ್ಮಂಡ್.

"ಮಾಡು, ಮಾಡು. ಆ ಹೊಲದಲ್ಲಿ ಸಿಗ್ನಲ್ ಸಿಗಲ್ಲ."